ಗಾಳಿಗೆ ಇಡಿಸಿದ ಬಾಗಿಲು

ಪುಟ್ಟ ಗುಡಿಯ ಬಾಗಿಲಿಗೆ ಬಂದದ್ದೇ ತಂಗಮ್ಮ ಗಾಲಿಕುರ್ಚಿ ನಿಲ್ಲಿಸಿ, ಚಪ್ಪಲಿ ಬಿಟ್ಟು, ಗೋಡೆ ಪಕ್ಕಕ್ಕೆ ಸರಿದು ನಿಂತುಬಿಟ್ಟಳು. ಇಟಲಿಯ ಅಸಿಸಿಯಲ್ಲಿ ಆ ಹೊತ್ತು ಚಪ್ಪಲಿ ಬಿಟ್ಟವಳು ಅವಳೊಬ್ಬಳೇ.

"ಗೌಡ್ರೆ, ಇನ್ನು ನೀವು ತಳ್ಕಂಡು ಹೋಗಿ. ನಾನು ಇಲ್ಲೇ ಇರ್ತೀನಿ," ಎಂದಳು ಜೊತೆಗಿದ್ದ ಚನ್ನಕೇಶವನಿಗೆ.

ಕುರ್ಚಿಯಲ್ಲಿದ್ದ ಪಾಪಮ್ಮ ಕತ್ತು ತಿರುಗಿಸಿದರು. ಅವರು ಚಿಕ್ಕಮಗಳೂರಿನ ಕಾನ್ವೆಂಟಿನಲ್ಲಿ ಓದುವಾಗ ಸಿಸ್ಟರೊಬ್ಬರು ಸಂತ ಫ್ರಾನ್ಸಿಸರ ಪಟ ಕೊಟ್ಟಿದ್ದರು, ಹೆಗಲ ಮೇಲೆ ಹಕ್ಕಿ ಕೂತದ್ದು. ಮಲ್ಲಂದೂರಿನ ಮನೆಯ ದೇವರ ಕೋಣೆಯಲ್ಲಿ ಹೊರನಾಡಿನ ಅಮ್ಮನ ಪಕ್ಕ ಅದಕ್ಕೂ ಕುಂಕುಮ ಬಿದ್ದು ಬಿದ್ದು ಹಕ್ಕಿಯೇ ಕೆಂಪಾಗಿತ್ತು. ಸೊಂಟ ಮುರಿದ ಮೇಲೆ, ಆ ಸ್ವಾಮಿಯ ಜಾಗ ಒಂದ್ಸಲ ತೋರಿಸು ಎಂದು ಮಗ ಚನ್ನಕೇಶವನನ್ನು ಕಾಡಿ ಹೊರಟಿದ್ದರು. ಎತ್ತಿ ಕೂರಿಸಲು, ಮೀಯಿಸಲು ತಂಗಮ್ಮನಿಲ್ಲದೆ ಆಗದು. ಹಾಗಾಗಿ ಎಸ್ಟೇಟಿನ ಕೂಲಿಯವರ ಲೈನ್ ಮನೆಗೂ ಒಂದು ಪಾಸ್‌ಪೋರ್ಟ್ ಬಂದಿತ್ತು.

"ಅಲ್ಲ್ಯಾಕೆ ನಿಂತೆ? ಬಾರೆ ಒಳಗೆ. ಈ ಸ್ವಾಮಿ ಕುಷ್ಠ ಆದವರನ್ನೇ ತಬ್ಬಿಕೊಂಡವರು ಕಣೆ."

"ನಂಗೆ ಯಾವ ಕಾಯಿಲೆನೂ ಇಲ್ವಲ್ಲ ಅಮ್ಮಾವ್ರೆ."

ಪಾಪಮ್ಮ ತಡವರಿಸಿದರು. "ಹಂಗಲ್ವೆ... ಹಕ್ಕಿಗಳ ಹತ್ರನೂ ಮಾತಾಡ್ತಿದ್ರಂತೆ."

"ಹಕ್ಕಿ ಹತ್ರನಾ?" ತಂಗಮ್ಮ ನಕ್ಕಳು. "ನಮ್ ತೋಟದ ಲೆಕ್ಕ ಬರಿಯೋ ರೈಟ್ರು ನಮ್ ಹತ್ರನೇ ಮಾತಾಡಲ್ಲ."

ಬಿದ್ದುಹೋಗಿದ್ದ ಆ ಗುಡಿಗೆ ಫ್ರಾನ್ಸಿಸರು ತಾವೇ ಕಲ್ಲು ಹೊತ್ತು ಗೋಡೆ ಎಬ್ಬಿಸಿದ್ದರಂತೆ. ಆಮೇಲಿನವರು ಅದನ್ನು ಹೊಟ್ಟೆಯೊಳಗೆ ಇಟ್ಟುಕೊಂಡು ಸುತ್ತ ಭಾರಿ ಚರ್ಚು ಕಟ್ಟಿದ್ದರು. ಚನ್ನಕೇಶವ ಕತ್ತೆತ್ತಿ ದೊಡ್ಡ ಚರ್ಚಿನ ಗುಮ್ಮಟ ನೋಡುತ್ತಿದ್ದವನು ಇತ್ತ ತಿರುಗಿದ.

"ಬಾ ತಂಗಮ್ಮ. ಇಲ್ಲಿ ಯಾರೂ ಏನೂ ಅನ್ನಲ್ಲ."

"ಅಲ್ಲೂ ಯಾರೂ ಏನೂ ಅಂದಿಲ್ಲ ಗೌಡ್ರೆ. ಒಂದು ಬಾಗಿಲು ಇಡ್ಸಿದ್ರಿ, ಅಷ್ಟೆ."

"ಯಾವ ಬಾಗಿಲೋ?" ಎಂದರು ಪಾಪಮ್ಮ.

ಕೇಳಿದ ಮೇಲೆ ಅವರಿಗೇ ಹೊಳೆಯಿತು. ತಾವು ಹಾಸಿಗೆ ಹಿಡಿದ ವರ್ಷ ಮಗ ಕೋಣೆಯ ಹೊರಗೋಡೆ ಒಡೆಸಿ, ಕಾಫಿ ಒಣಗಿಸುವ ಕಣದ ಕಡೆಗೆ ಹೊಸ ಬಾಗಿಲು ಇಡಿಸಿದ್ದ. ಅಮ್ಮನಿಗೆ ಗಾಳಿ ಬರಲಿ ಅಂತ ಮಾಡಿಸಿದ ನೋಡಿ ಎಂದು ನೋಡಲು ಬಂದವರಿಗೆಲ್ಲ ಹೇಳಿಕೊಂಡಿದ್ದರು. ಬೆಳಿಗ್ಗೆ ತಂಗಮ್ಮ ಬರುವುದು ಆ ಬಾಗಿಲಲ್ಲಿ, ಸಂಜೆ ಹೋಗುವುದೂ ಅದರಲ್ಲೇ. ತಮ್ಮ ಮೈ ಮುಟ್ಟಿ ತೊಳೆಯುವ ಈ ಹೆಂಗಸು ಜಗುಲಿ ಹತ್ತಿ ನಡುಮನೆ ಹಾದು ಬಂದದ್ದನ್ನು ಒಂದು ದಿನವೂ ನೋಡಿದ ನೆನಪಿಲ್ಲ.

"ಚನ್ನ, ಅದು ಗಾಳಿಗೆ ಅಂದಿದ್ಯಲ್ಲೋ."

"ಗಾಳಿಗೇ ಅಮ್ಮ. ಇವಳಿಗೂ ಸುತ್ತಿ ಬರೋದು ತಪ್ಪಲಿ ಅಂತ... ಮೊದ್ಲು ಒಳಗೆ ಹೋಗನ, ಹಿಂದೆ ಜನ ನಿಂತಿದಾರೆ."

"ಕಿಟಕಿ ಇತ್ತಲ್ಲೋ."

ತಂಗಮ್ಮ ಸೆರಗು ಸರಿಮಾಡಿಕೊಂಡು ಗೋಡೆ ಬಿಟ್ಟು ಮುಂದೆ ಬಂದಳು. "ನಂಗೇನು ಹೆದ್ರಿಕೆ ಇಲ್ಲ ಅಮ್ಮಾವ್ರೆ. ಬರ್ತೀನಿ. ಆದ್ರೆ ಇಲ್ಲಿ ಒಳಗೆ ಬಂದೋಳು ಊರಲ್ಲೂ ಮುಂದಿನ ಬಾಗಿಲಲ್ಲೇ ಬರೋಳು. ಬರ್ಲಾ ಗೌಡ್ರೆ?"

"ಅದನ್ನೆಲ್ಲ ಊರಿಗೆ ಹೋದ್ಮೇಲೆ ನೋಡನ ಮಾರಾಯ್ತಿ," ಎನ್ನುತ್ತ ಅವನು ಕುರ್ಚಿಯ ಹಿಡಿಗೆ ಕೈ ಹಾಕಿದ.

ಪಾಪಮ್ಮ ಎರಡೂ ಕೈಯಲ್ಲಿ ಒಂದು ಗಾಲಿಯನ್ನು ಹಿಡಿದು ತಿರುವಿದರು. ಕುರ್ಚಿ ಹೊರಳಿ ಬಾಗಿಲಿಗೆ ಅಡ್ಡವಾಗಿ ನಿಂತಿತು. ತಂಗಮ್ಮ ಹೇಳಿಕೊಟ್ಟಿದ್ದ ಹಾಗೆಯೇ ಬಗ್ಗಿ ಬ್ರೇಕ್ ಎಳೆದರು. ಅದು ಕಟಕ್ಕೆಂದಿತು.

"ಊರಲ್ಲಿ ಕೇಳಿದ್ರೆ ನೀನು ತೋಟಕ್ಕೆ ಹೋಗಿಬಿಡ್ತೀಯ. ಇಲ್ಲೇ ಹೇಳು."

ಹಿಂದಿನ ಸಾಲು ಬೆಳೆಯುತ್ತಿತ್ತು. ಕಂದು ನಿಲುವಂಗಿಗೆ ಹಗ್ಗ ಬಿಗಿದ ಸನ್ಯಾಸಿಗಳು, ಬೆನ್ನಿಗೆ ಚೀಲ ಹೊತ್ತ ಹುಡುಗಿಯರು, ಕೋಲೂರಿದ ಮುದುಕರು. ಕನ್ನಡದ ಒಂದಕ್ಷರ ತಿಳಿಯದ ಅವರೆಲ್ಲ ಚನ್ನಕೇಶವನ ಬಾಯನ್ನೇ ನೋಡುತ್ತ ನಿಂತರು.