ಬಾಗಿಲ ಪಕ್ಕದ ಗಂಟು

ಗಂಟು ಬಿಚ್ಚಲು ಎಷ್ಟು ಹೊತ್ತು ಬೇಕೆಂದು ಬುರುಲ್ ಎಣಿಸಿ ನೋಡಿದಳು. ಕೈಗವಸು ತೊಟ್ಟರೆ ಇಪ್ಪತ್ತು ಎಣಿಕೆ. ಬರಿಗೈಯಲ್ಲಿ ಒಂಬತ್ತು. ಬರಿಗೈಯೇ ಸರಿ ಎಂದುಕೊಂಡು ಹಗ್ಗವನ್ನು ಮತ್ತೆ ಬಿಗಿದಳು.

ಬಾಗಿಲ ಪಕ್ಕದ ಗೂಟದಿಂದ ಕೊಟ್ಟಿಗೆಗೆ ನಲವತ್ತು ಹೆಜ್ಜೆ. ಹಿಮಗಾಳಿ ಎದ್ದರೆ ತನ್ನ ಕೈ ತನಗೇ ಕಾಣದು. ಹಗ್ಗ ಹಿಡಿದೇ ಹೋಗಬೇಕು, ಹಗ್ಗ ಹಿಡಿದೇ ಬರಬೇಕು. ಗೋಡೆಗೆ ಗೋಡೆ ತಾಗಿದ ಪಕ್ಕದ ಮನೆಯ ಮಾದಿಲನ ಹಗ್ಗವೂ ಅಷ್ಟೇ ಉದ್ದ. ಅವಳು ಅಳೆದಿದ್ದಳು.

ಕಳೆದ ಚಳಿಗಾಲದಲ್ಲಿ ಅವಳ ಗಂಡ ತಿಲೆಕ್ ಕೊಟ್ಟಿಗೆಯಿಂದ ಹೊರಟವನು ಮನೆ ಸೇರಲಿಲ್ಲ. ಮೂರನೆಯ ದಿನ ಗಾಳಿ ನಿಂತಾಗ ಮನೆಯನ್ನು ದಾಟಿ ಇಪ್ಪತ್ತು ಹೆಜ್ಜೆ ಆಚೆ ಸಿಕ್ಕ. ಮೊದಲು ಕಂಡವಳು ಬುರುಲ್. ಅವನ ಪಕ್ಕದಲ್ಲಿದ್ದ ಹಾಲಿನ ಬಕೆಟ್ಟನ್ನು ಯಾರೂ ನೋಡುವ ಮೊದಲೇ ಒಳಗೆ ತಂದಿಟ್ಟು, ಆಮೇಲೆ ಕಿರುಚಿದಳು. ಅವನು ಹೊರಟ ದಿನ ಅವಳು ಮೈಸುಡುವ ಜ್ವರದಲ್ಲಿ ಒಳಕೋಣೆಯಲ್ಲಿ ಮಲಗಿದ್ದಳು; ಹಾಲು ಕರೆಯಲು ಅವನೇ ಹೋಗಿದ್ದ. ಗಂಡಸು ಹಾಲು ಕರೆದನೆಂದು ತಿಳಿದರೆ ಊರು ಸತ್ತವನನ್ನೂ ಬಿಡದೆ ನಗುತ್ತಿತ್ತು.

ಹಗ್ಗ ಹರಿದಿರಲಿಲ್ಲ. ಬಾಗಿಲ ಬದಿಯ ಗಂಟನ್ನು ಬಿಚ್ಚಲಾಗಿತ್ತು.

ಅಂಥ ಗಾಳಿಯಲ್ಲಿ ದೂರದವರು ಯಾರೂ ಬರಲಾರರು. ಹತ್ತಿರವಿದ್ದದ್ದು ಮಾದಿಲ್ ಒಬ್ಬನೇ. ಬೇಸಿಗೆಯಲ್ಲಿ ಕಾಲುವೆ ನೀರಿನ ಸರದಿಗಾಗಿ ತಿಲೆಕ್ ಜೊತೆ ಹೊಡೆದಾಡಿ, "ಚಳಿಗಾಲ ಬರ್ಲಿ, ನೋಡ್ಕೋತೀನಿ" ಎಂದು ಹತ್ತು ಜನರೆದುರು ಕೂಗಿದ್ದವನು. ಬುರುಲ್ ಯಾರಿಗೂ ದೂರು ಕೊಡಲಿಲ್ಲ. ಗೋರಿಯ ಮೇಲೆ ಮಣ್ಣು ಹಾಕುವಾಗ ಒಂದು ಮಾತು ಕೊಟ್ಟಳು, ಅಷ್ಟೇ. ಇಂಥದೇ ಇನ್ನೊಂದು ಗಾಳಿಗಾಗಿ ವರ್ಷವಿಡೀ ಕಾದಳು.

ಇಂದು ಬೆಳಿಗ್ಗೆ ರೇಡಿಯೊ ಅದನ್ನೇ ಹೇಳಿತು.

ಅವಳು ಕಿಟಕಿಯ ಸಂದುಗಳಿಗೆ ಸೋಪುನೀರಿನಲ್ಲಿ ಕಾಗದ ಅಂಟಿಸಿದಳು. ವಿದ್ಯುತ್ ಹೋದರೆ ಪಂಪು ನಿಲ್ಲುತ್ತದೆಂದು ಡ್ರಮ್ಮುಗಳಿಗೆ ನೀರು ತುಂಬಿದಳು. ಒಣಗಿದ ಬೆರಣಿಯನ್ನು ಒಲೆಯ ಪಕ್ಕ ಸೂರಿನವರೆಗೆ ಪೇರಿಸಿದಳು.

"ಇಷ್ಟು ಬೆರಣಿ ಯಾರಿಗೆ? ತೊಟ್ಟಿಲಲ್ಲಿ ಮೊಮ್ಮಗ ಮಲಗಿದಾನಾ, ಬೆಚ್ಚಗಿಡೋಕೆ?" ಅತ್ತೆ ಬೂಸಾರಾ ಗೊಣಗಿದಳು.

"ನಿಮಗೇ ಅತ್ತೆ."

"ನಾಲ್ಕು ವರ್ಷ ಆಯ್ತು ಈ ಮನೆಗೆ ಕಾಲಿಟ್ಟು. ತಂದಿದ್ದು ಏನು? ಕಳೆದಿದ್ದು ಏನು?"

ಬುರುಲ್ ಇನ್ನೊಂದು ಬೆರಣಿ ಮೇಲಿಟ್ಟಳು. ಅತ್ತೆಯ ಶಾಪವೆಲ್ಲ ಸೊಸೆಗೇ ಮೀಸಲು. ಮಾದಿಲನಿಗೆ ಮಾತ್ರ ಒಂದು ದಿನವೂ ಒಂದು ಕೆಟ್ಟ ಮಾತಾಡಿದವಳಲ್ಲ. ದುಃಖ ಮುದುಕಿಯ ತಲೆ ಕೆಡಿಸಿದೆ ಎಂದುಕೊಳ್ಳುತ್ತಿದ್ದಳು ಬುರುಲ್. ಅತ್ತೆಯ ಪಾಲಿನ ದ್ವೇಷವನ್ನೂ ತಾನೇ ಹೊತ್ತಿದ್ದಳು.

ಮಧ್ಯಾಹ್ನ ಮಾದಿಲನೇ ಬಂದ, ಟೋಪಿಯ ಹಿಮ ಕೊಡವುತ್ತ.

"ಚಿಕ್ಕಮ್ಮ, ಫೋನೆಲ್ಲ ಚಾರ್ಜ್ ಮಾಡಿಟ್ಕೊಳ್ಳಿ. ಈ ಸಲಾನೂ ಮೊದಲು ಬೀಳೋದು ನಮ್ಮ ಕಂಬಾನೇ."

"ನಿನ್ನ ಹೊಟ್ಟೆ ಚಾರ್ಜ್ ಆಯ್ತಾ? ಹೆಂಡ್ತಿ ತವರಿಗೆ ಹೋದ್ಮೇಲೆ ಬರೀ ಚಹಾ ಕುಡ್ಕೊಂಡು ಬದುಕಿದೀಯಂತೆ!" ಬೂಸಾರಾ ಅವನ ಕೈಗೆ ಕರಿದ ರೊಟ್ಟಿ ತುರುಕಿದಳು.

ಮಾದಿಲ್ ಅಗಿಯುತ್ತ ಬುರುಲ್ ಕಡೆ ತಿರುಗಿದ. "ಹಗ್ಗ ಗಟ್ಟಿ ಕಟ್ಟಿದೀಯಾ ತಂಗಿ?"

"ನಮ್ಮದು ಗಟ್ಟಿಯಾಗಿದೆ. ಕುರಿಗೆ ಮೇವು ಹಾಕೋಕೆ ಎಷ್ಟೊತ್ತಿಗೆ ಹೋಗ್ತೀರಿ?"

"ಐದಕ್ಕೆ. ಯಾಕೆ?"

"ನಿಮ್ಮ ಹಗ್ಗದ ಮೇಲೂ ಒಂದು ಕಣ್ಣಿಟ್ಟಿರ್ತೀನಿ."

"ಆಹಾ! ಇಂಥ ನೆರೆಯವರಿದ್ರೆ ಸಾಯೋಕೂ ಪುರುಸೊತ್ತಿಲ್ಲ!" ನಗುತ್ತ ಹೋದ. ಬೂಸಾರಾ ನಗಲಿಲ್ಲ. ಸೊಸೆಯ ಮುಖವನ್ನೇ ನೋಡುತ್ತಿದ್ದಳು.

ನಾಲ್ಕಕ್ಕೆ ಗಾಳಿ ಎದ್ದಿತು. ನಾಲ್ಕೂವರೆಗೆ ದೀಪ ಒಮ್ಮೆ ಮಿನುಗಿ ಆರಿತು. ಹೊರಗೆ ಮನೆಗಳೆಲ್ಲ ಅಳಿಸಿಹೋದವು. ಬುರುಲ್ ಕಿಟಕಿಗೆ ಹಣೆಯೊತ್ತಿ ನಿಂತಳು. ಐದಕ್ಕೆ ಸರಿಯಾಗಿ ಆ ಬಿಳುಪಿನಲ್ಲಿ ಹಳದಿ ಚುಕ್ಕೆಯೊಂದು ತೂಗಾಡುತ್ತ ಸಾಗಿತು. ಮಾದಿಲನ ಲಾಟೀನು. ಅವನ ಕೊಟ್ಟಿಗೆಯ ಬಳಿ ಮಾಯವಾಯಿತು.

ಒಂಬತ್ತು ಎಣಿಕೆ ಸಾಕು.

ಅವಳು ಬೂಟು ತೊಟ್ಟಳು. ಕೈಗವಸನ್ನು ಕಳಚಿಟ್ಟಳು. ಬಾಗಿಲಿಗೆ ಬಂದರೆ ಅಲ್ಲಿ ಬೂಸಾರಾ, ಚಿಲಕಕ್ಕೆ ಬೆನ್ನು ಕೊಟ್ಟು.

"ಎಲ್ಲಿಗೆ?"

"ದನ ನೋಡ್ಬೇಕು."

"ಬರಿಗೈಯಲ್ಲಾ?"

"ದಾರಿ ಬಿಡಿ ಅತ್ತೆ. ನಿಮ್ಮ ಮಗನ್ನ ಕೊಂದೋನು ಈಗ ಕುರಿಗಳ ಮಧ್ಯೆ ಬೆಚ್ಚಗೆ ನಿಂತಿದಾನೆ. ಅವನಿಗೂ ಅದೇ ದಾರಿ ತೋರಿಸಿ ಬರ್ತೀನಿ. ನೀವು ಮಾಡ್ಬೇಕಾಗಿದ್ದ ಕೆಲಸ ಇದು. ಹೆತ್ತೋರು ನೀವು."

"ಅವನಲ್ಲ."

"ಮತ್ತೆ ಯಾರು? ಗಾಳಿ ಬಿಚ್ಚಿತಾ ಗಂಟನ್ನ?"

ಮುದುಕಿ ಬಾಗಿಲಿಗೆ ಒರಗಿಕೊಂಡೇ ಜಾರಿ ನೆಲಕ್ಕೆ ಕುಳಿತಳು. ಈಗ ಚಿಲಕಕ್ಕೆ ಅಡ್ಡವಿರಲಿಲ್ಲ. ಬುರುಲ್ ಕೈ ಚಾಚಿದರೆ ಸಾಕಿತ್ತು.

"ಇನ್ನೊಂದು ಹೆಣ ನನ್ನ ಕೈಲಿ ಹೊರೋಕಾಗಲ್ಲ," ಎಂದಳು ಬೂಸಾರಾ. ದನಿ ತಣ್ಣಗಿತ್ತು, ವರ್ಷದಿಂದ ಬಾಯಲ್ಲೇ ಇಟ್ಟುಕೊಂಡಿದ್ದ ಮಾತಿನಂತೆ. "ಬಕೆಟ್ಟು ಹಿಡ್ಕೊಂಡು ಕೊಟ್ಟಿಗೆಗೆ ಹೋಗಿದ್ದು ನೀನು ಅಂದ್ಕೊಂಡೇ ನಾನು ಆ ಗಂಟು ಬಿಚ್ಚಿದ್ದು, ಬುರುಲ್."