ತೆರೆದಿಟ್ಟ ಕಿಟಕಿ

"ಇದು ಎಷ್ಟು ಬೆರಳು?" ಎಂದು ಡಾಕ್ಟರ್ ಒಡಾಲಿಸ್ ಕೇಳಿದಾಗ ಎವೆಲಿಯೊ ಆ ಕೈಯತ್ತ ನೋಡದೆ ಗೋಡೆಯತ್ತ ಮುಖ ಮಾಡಿದ.

"ಕೈ ಎಲ್ಲಿದೆ ಅಂತ ಮೊದಲು ಹೇಳಿ ಡಾಕ್ಟ್ರೇ, ಬೆರಳು ಆಮೇಲೆ ಎಣಿಸೋಣ."

ನಕ್ಕವನು ಅವನೊಬ್ಬನೇ. ಪಕ್ಕದಲ್ಲಿದ್ದ ಅಕ್ಕ ನೀವಿಯಾ ತನ್ನ ಸೊಂಟದ ಹೊಲಿಗೆಯ ಮೇಲೆ ಅರಿವಿಲ್ಲದೆ ಕೈಯಿಟ್ಟಳು. ಅಲ್ಲಿಂದ ತೆಗೆದ ಕಿಡ್ನಿ ಈಗ ತಮ್ಮನ ಒಡಲಿನಲ್ಲಿತ್ತು.

ಎರಡೂ ಕಣ್ಣುಗಳ ನರ ಬಾತುಕೊಂಡಿತ್ತು. ಮಿದುಳಿನ ಚಿತ್ರದಲ್ಲಿ ಗೆಡ್ಡೆಯಿಲ್ಲ, ಜ್ವರವಿಲ್ಲ, ಬಿಡದ ತಲೆನೋವೊಂದೇ. ಡಾಕ್ಟರರ ಗುಮಾನಿ ಸುತ್ತಿ ಸುತ್ತಿ ಒಂದೇ ಕಡೆಗೆ ಬರುತ್ತಿತ್ತು: ಅಕ್ಕನ ಕಿಡ್ನಿಯನ್ನು ತಮ್ಮನ ಮೈ ಹೊರದೂಡದಂತೆ ಕಾಯುವ ಮಾತ್ರೆಯೇ ನರಕ್ಕೆ ವಿಷವಾಯಿತೇ?

"ಮಾತ್ರೆ ನಿಲ್ಲಿಸಿ ನೋಡ್ಬೇಕಾಗಬಹುದು."

"ನಿಲ್ಲಿಸಿದ್ರೆ ನಾನು ಕೊಟ್ಟಿದ್ದು?"

"ಹೋಗ್ಲೂಬಹುದು, ಉಳೀಲೂಬಹುದು. ನನಗೇ ಸ್ಪಷ್ಟ ಇಲ್ಲ, ನೀವಿಯಾ. ಎವೆಲಿಯೊ ಏನಂತಾರೆ?"

"ಕಣ್ಣೋ ಕಿಡ್ನಿಯೋ ಅಂತ ಇವನನ್ನ ಕೇಳ್ತೀರಾ? ಯಾವ ಅಂಗಿ ಹಾಕ್ಕೋಬೇಕು ಅನ್ನೋದೇ ತಿಳಿಯದ ಪ್ರಾಣಿ ಇದು."

ಡಾಕ್ಟರ್ ತಡೆದು ಕೇಳಿದರು: "ಮನೇಲಿ ಹಕ್ಕಿ ಸಾಕಿದೀರಾ?"

"ಇಲ್ಲ," ಎಂದರು ಇಬ್ಬರೂ. ಅದು ಸುಳ್ಳಾಗಿರಲಿಲ್ಲ. ಹವಾನಾದ ಕೊಲ್ಲಿಯಾಚೆ, ರೆಗ್ಲಾದ ತಾರಸಿಗಳಲ್ಲೆಲ್ಲ ಹೆಸರಾಗಿದ್ದ ಪಾರಿವಾಳಗಾರ ಎವೆಲಿಯೊ. ಆಪರೇಷನ್ನಿಗೆ ಮುಂಚೆ ಅಕ್ಕ ಹಾಕಿದ ಷರತ್ತಿಗೆ ಮಣಿದು ಹಿಂಡನ್ನೆಲ್ಲ ದೂರದ ಮತಾನ್ಸಾಸ್ ಊರಿನ ಗೆಳೆಯನಿಗೆ ಕೊಟ್ಟುಬಿಟ್ಟಿದ್ದ.

"ಗೂಡು ಲಾರಿ ಹತ್ತೋವಾಗ ಗೊಳೋ ಅಂತ ಅತ್ತ," ಎಂದಳು ನೀವಿಯಾ. "ನನ್ನ ಕಿಡ್ನಿ ತಗೊಳ್ಳೋವಾಗ ಒಂದು ಹನಿ ಹಾಕ್ಲಿಲ್ಲ."

ಎವೆಲಿಯೊ ಅಕ್ಕನ ದನಿ ಬಂದ ಕಡೆಗೆ ತಿರುಗಿದ. "ಪಾರಿವಾಳ ಕೊಟ್ರೆ ಹೋಗ್ತಾವಾ ಅಕ್ಕಾ? ಮನೆ ಮರೆಯೋ ಜಾತಿ ಅಲ್ಲ ಅವು. ಒಂದು ಸಂಜೆ ವಾಪಸ್ ಬಂದ್ವು. ನಾನು ಸಾಕ್ಲಿಲ್ಲ, ತಾರಸಿ ಕೋಣೆ ಕಿಟಕಿ ತೆರೆದಿಟ್ಟೆ, ಅಷ್ಟೇ. ನಿನ್ನ ಮಂಡಿನೋವಿಗೆ ನೀನು ಮೇಲೆ ಬರಲ್ವಲ್ಲ. ಬೆಳಗ್ಗೆ ಹಿಕ್ಕೆ ಗುಡಿಸಿ ಹಾಕ್ತೀನಿ, ಗಲೀಜು ಬಿಡಲ್ಲ."

"ಪಾರಿವಾಳದ ಹಿಕ್ಕೇಲಿ ಒಂದು ಬೂಷ್ಟು ಬೆಳೆಯತ್ತೆ, ಗುಡಿಸಿದಾಗ ಏಳೋ ಧೂಳಲ್ಲೇ ಇರತ್ತೆ ಅದು," ಎಂದರು ಡಾಕ್ಟರ್ ಮೆಲ್ಲಗೆ. "ಮಾತ್ರೆ ನಿಮ್ಮ ಮೈಯ ಕಾವಲನ್ನ ಮಲಗಿಸಿರತ್ತೆ. ಬೂಷ್ಟು ಉಸಿರಿನ ಜೊತೆ ಒಳಗೆ ಹೋಗಿ ಮಿದುಳಿಗೆ ಏರತ್ತೆ."

ಎವೆಲಿಯೊನ ಬೆನ್ನುಮೂಳೆಯೊಳಗಿಂದ ತೆಗೆದ ನೀರಿಗೆ ಕಪ್ಪು ಶಾಯಿ ಬೆರೆಸಿ, ಸೂಕ್ಷ್ಮದರ್ಶಕದಡಿ ಇಟ್ಟು, ಡಾಕ್ಟರ್ ನೀವಿಯಾಳನ್ನೂ ಕರೆದು ತೋರಿಸಿದರು. ಕಗ್ಗತ್ತಲೆಯ ತುಂಬ ಬೆಳ್ಳನೆಯ ಬಳೆಗಳು; ಅದೇ ಆ ಬೂಷ್ಟು. ಯಾವುದೋ ಮುಸ್ಸಂಜೆಯಲ್ಲಿ ತಾರಸಿಯ ಮೇಲೆ ಸುತ್ತುತ್ತಿದ್ದ ತಮ್ಮನ ಪಾರಿವಾಳಗಳನ್ನು ಅವಳು ಮತ್ತೆ ಕಂಡಂತಿತ್ತು. ಮಾತ್ರೆ ನಿಲ್ಲಿಸುವುದು ಬೇಡ, ಇದಕ್ಕೆ ಮದ್ದಿದೆ, ಕಣ್ಣು ಎಷ್ಟು ಮರಳೀತೋ ಹೇಳಲಾರೆ ಎಂದರು ಡಾಕ್ಟರ್.

ನೀವಿಯಾ ತಮ್ಮನ ಹಾಸಿಗೆಯ ಬಳಿ ಬಂದು ಚೀಲವನ್ನು ಹೆಗಲಿಗೇರಿಸಿದಳು. "ಮನೆಗೆ ಹೋಗಿ ಕಿಟಕಿ ಮುಚ್ಚಿ ಬರ್ತೀನಿ."

ಅವನು ಗಾಳಿಯಲ್ಲಿ ತಡವರಿಸಿ ಅವಳ ಕೈ ಹಿಡಿದ. "ಸಂಜೆವರೆಗೂ ತಡಿ ಅಕ್ಕಾ. ಹಕ್ಕಿಗಳೆಲ್ಲಾ ಒಳಗೆ ಬಂದ್ಮೇಲೆ ಮುಚ್ಚು."