ಕೆಂಚವ್ವನ ಹಲ್ಲಿನ ಸೆಟ್ಟು

ಸೋನಾಬಾಯಿ ಕುದಿಯುವ ನೀರಿನ ಚರಿಗೆಯನ್ನು ಬಟ್ಟಲಿನ ಮೇಲೆ ಬಾಗಿಸಲು ಹೊರಟಿದ್ದಳು. ಬಟ್ಟಲಲ್ಲಿದ್ದದ್ದು ಸವತಿ ಕೆಂಚವ್ವನ ಹೊಸ ಹಲ್ಲಿನ ಸೆಟ್ಟು. ಬಿಸಿನೀರು ಬಿದ್ದರೆ ಅದು ಸೊಟ್ಟಗಾಗುತ್ತದೆಂದು ನಿಪ್ಪಾಣಿಯ ಡಾಕ್ಟರು ಹೇಳಿದ್ದು ಅವಳಿಗೂ ಗೊತ್ತಿತ್ತು.

ಆ ಸೆಟ್ಟಿಗಾಗಿ ಗಂಡ ಮುರಗೆಪ್ಪ ಹಿರಿಯ ಹೆಂಡತಿಯನ್ನು ರಾಜದೂತ್ ಗಾಡಿಯ ಹಿಂದೆ ಕೂರಿಸಿಕೊಂಡು ಐದು ಸಲ ನಿಪ್ಪಾಣಿಗೆ ಹೋಗಿ ಬಂದಿದ್ದ. ಹೋದಾಗಲೆಲ್ಲ ಹೋಟೆಲಿನಲ್ಲಿ ಅವಳ ಬೊಚ್ಚುಬಾಯಿಗೆ ಮೆತ್ತನೆಯ ಶಿರಾ ಬೇರೆ. ಮೂವತ್ತೆರಡು ಹಲ್ಲೂ ಗಟ್ಟಿಯಿದ್ದ ಸೋನಾಬಾಯಿಗೆ ಮಾತ್ರ ಏಕಸಂಬಿಯ ಸಂತೆಗೂ ಕಾಲ್ನಡಿಗೆಯೇ ಗತಿ.

“ಸೋನಾ, ಹುಷಾರಾಗಿ ತೊಳಿಯವಾ,” ಪಡಸಾಲೆಯಿಂದ ಕೆಂಚವ್ವ ಕೂಗಿದಳು. “ಕೆಟ್ರ ಮತ್ತ ಮದ್ಲಿಂದ ಅಳತಿ ಕೊಡಬೇಕಾಗತೈತಿ.”

“ಕೆಟ್ರ ಕೆಡ್ಲಿ ಬಿಡ,” ಕೆಂಚವ್ವನ ಪಕ್ಕದಲ್ಲಿದ್ದ ಮುರಗೆಪ್ಪ ನಕ್ಕ. “ಮತ್ತ ಐದ ಸಲ ಇಬ್ರೂ ಹೋಗಿ ಬರೂಣು.”

ಸೋನಾಬಾಯಿಯ ಕೈ ಗಕ್ಕನೆ ನಿಂತಿತು. ಅವಳು ಬಿಸಿನೀರನ್ನು ಬಚ್ಚಲಿಗೆ ಚೆಲ್ಲಿದಳು. ಕೊಡದಿಂದ ತಣ್ಣೀರು ತಂದು, ಸೆಟ್ಟನ್ನು ಹಸುಗೂಸಿನಂತೆ ಅಂಗೈಯಲ್ಲಿಟ್ಟುಕೊಂಡು ತಿಕ್ಕತೊಡಗಿದಳು.

“ಅಕ್ಕಾ,” ಎಂದು ಕೂಗಿ ಹೇಳಿದಳು, “ನಾಳಿಂದ ಇವನ್ನ ದಿನಾ ನಾನ ತೊಳಿತೇನಿ.”